ಸುಳ್ಳು ಪುಟದ ಮೇಲೆ ನನ್ನ ಮೊಹರು

2004ರಲ್ಲಿ ನಾನು ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಲೈಬ್ರರಿಯ ಮೂಲೆಯಲ್ಲಿ ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು, ಟೆಲಿಫೋನ್ ತಂತಿಯಲ್ಲಿ ಬರುವ ಇಂಟರ್‌ನೆಟ್. ಆಫೀಸಿನಲ್ಲಿ ಯಾರಾದರೂ ಫೋನ್ ಎತ್ತಿದರೆ ಸಂಪರ್ಕ ಕಡಿದುಹೋಗುತ್ತಿತ್ತು. ಮಕ್ಕಳು ಸಿಕ್ಕಿದ್ದನ್ನೆಲ್ಲ ಪ್ರಿಂಟ್ ತೆಗೆದು ಅಸೈನ್‌ಮೆಂಟಿಗೆ ಅಂಟಿಸುತ್ತಿದ್ದ ಕಾಲ ಅದು. ಇಂಟರ್‌ನೆಟ್ಟಿನಲ್ಲಿ ಹುಡುಕುವುದು ಹೇಗೆ, ಸಿಕ್ಕಿದ್ದನ್ನು ತೂಗಿ ನೋಡುವುದು ಹೇಗೆ ಎಂದು ಕಲಿಸಲು ಶನಿವಾರ ಒಂದು ತರಗತಿಯನ್ನು ನನಗೆ ಕೊಟ್ಟರು.

ನಾನು ಹುರುಪಿನಿಂದ ಒಂದು ಉಪಾಯ ಮಾಡಿದೆ. ಉಚಿತವಾಗಿ ಜಾಗ ಕೊಡುವ ಒಂದು ವೆಬ್‌ಸೈಟಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸುಳ್ಳು ಪುಟ ಬರೆದು ಹಾಕಿದೆ. ಗೇರು ಎಲೆಯ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಮಾತ್ರೆಯೇ ಬೇಡ ಎಂದು ಅದರಲ್ಲಿತ್ತು. ಹಾಗೆ ಹೇಳಿದ್ದು ಒಬ್ಬ ಡಾಕ್ಟರಂತೆ; ಅವರಿಗೆ ಊರಿಲ್ಲ, ಆಸ್ಪತ್ರೆಯಿಲ್ಲ, ಪುಟಕ್ಕೆ ತಾರೀಕಿಲ್ಲ, ಅಡಿಯಲ್ಲಿ ಕಷಾಯದ ಪುಡಿಯ ಜಾಹೀರಾತು. ಇದನ್ನು ನಂಬಬಹುದೇ ಎಂದು ಮುಂದಿನ ಶನಿವಾರಕ್ಕೆ ಬರೆದು ತನ್ನಿ ಎಂದೆ. ಆಗಲೇ ಗುಟ್ಟು ಹೇಳಿದರೆ ಪಾಠದ ಸ್ವಾರಸ್ಯ ಹೋಗುತ್ತದಲ್ಲ, ಸುಮ್ಮನಿದ್ದೆ.

ನಮ್ಮಲ್ಲಿ ಒಂದು ಕ್ರಮವಿತ್ತು. ಕಾಗದ ಪೋಲಾಗಬಾರದೆಂದು, ಲೆಕ್ಕಕ್ಕಾಗಿ ಲೈಬ್ರರಿಯಿಂದ ಹೊರಹೋಗುವ ಪ್ರತಿ ಪ್ರಿಂಟಿನ ಮೇಲೂ ಕಾಲೇಜಿನ ದುಂಡು ಮೊಹರು ಬೀಳಬೇಕು. ಆ ಪುಟವನ್ನು ಪ್ರಿಂಟ್ ತೆಗೆದುಕೊಂಡು ಸಾಲು ನಿಂತ ಮಕ್ಕಳಿಗೆ ಬಸ್ಸಿನ ಗಡಿಬಿಡಿ. ಹಾಳೆಯನ್ನು ನೋಡದೆಯೇ ಒತ್ತುತ್ತಾ ಹೋದೆ.

ಮುಂದಿನ ಶನಿವಾರ ಕಾಪುವಿನಿಂದ ಬರುವ ಪ್ರಶಾಂತಿ ತರಗತಿಯಲ್ಲಿರಲಿಲ್ಲ. ಅವಳ ಗೆಳತಿ ಎದ್ದು ನಿಂತಳು. "ಅವಳ ಅಮ್ಮನನ್ನು ಮಣಿಪಾಲದಲ್ಲಿ ಅಡ್ಮಿಟ್ ಮಾಡಿದ್ದಾರೆ ಮೇಡಂ. ಸಕ್ಕರೆ ಏರಿ ಎಚ್ಚರವೇ ಇಲ್ಲವಂತೆ. ಆ ಗೇರು ಎಲೆಯ ಕಷಾಯ ಕುಡಿದದ್ದಂತೆ."

ಪುಟ ಸುಳ್ಳು, ಬರೆದದ್ದು ನಾನು ಎಂದಷ್ಟೇ ಮಕ್ಕಳಿಗೆ ಹೇಳಿ ಬಸ್ಸು ಹತ್ತಿದೆ.

ವಾರ್ಡಿನ ಹೊರಗೆ ಪ್ರಶಾಂತಿಯ ಸೋದರಮಾವ ಸುಂದರಣ್ಣ ಅವಳನ್ನು ಬೈಯುತ್ತಿದ್ದರು. "ಕಾಲೇಜಿನಲ್ಲಿ ಕಲಿತದ್ದು ಇದುವಾ? ಕಂಪ್ಯೂಟರಿನಲ್ಲಿ ಬಂದದ್ದೆಲ್ಲ ವೇದವಾ ನಿನಗೆ? ಸೋಮವಾರದಿಂದ ಮನೆಯಲ್ಲಿ ಕೂತುಕೋ!"

ಹುಡುಗಿ ನನ್ನನ್ನು ಕಂಡದ್ದೇ ಅತ್ತಳು. "ಅಮ್ಮ ಇದೆಂತ ಅಂತ ಕೇಳಿದರು, ಓದಿ ಹೇಳಿದೆ. ಸುಳ್ಳಿರಬೇಕು, ಡಾಕ್ಟರಿಗೆ ಊರೇ ಇಲ್ಲ ಅಂತಲೂ ಹೇಳಿದೆ ಮೇಡಂ. ಅಮ್ಮ ಸೀಲು ತೋರಿಸಿದರು. ಕಾಲೇಜಿನವರು ಸುಮ್ಮನೆ ಸೀಲು ಹಾಕ್ತಾರಾ ಅಂದರು. ಮಾತ್ರೆ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ."

ನಾನು ಕಲಿಸಿದ್ದನ್ನು ಅವಳು ಸರಿಯಾಗಿಯೇ ಕಲಿತಿದ್ದಳು. ಅದನ್ನು ಸೋಲಿಸಿದ್ದು ನನ್ನದೇ ಮೊಹರು.

"ಬೈಯುವುದಾದರೆ ನನಗೆ ಬೈಯಿರಿ," ಎಂದೆ ಸುಂದರಣ್ಣನಿಗೆ. "ಮಕ್ಕಳನ್ನು ಪರೀಕ್ಷಿಸಲು ಆ ಸುಳ್ಳು ಬರೆದದ್ದು ನಾನು. ಸೀಲು ಹಾಕಿದ್ದೂ ನಾನು."

ಅವರು ದನಿ ಏರಿಸಲಿಲ್ಲ. "ಪರೀಕ್ಷೆ ಮಕ್ಕಳಿಗೆ ಇಡಿ ಟೀಚರೇ. ಅವರ ಅಮ್ಮಂದಿರಿಗೆ ಯಾಕೆ ಮಾರಾಯ್ರೆ?"

ಕೂಗಾಡಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಪ್ರಶಾಂತಿಯ ಅಮ್ಮ ಗಿರಿಜಕ್ಕ ಚೇತರಿಸಿಕೊಂಡರು. ಅವರು ಎದ್ದು ಕೂರುವಂತಾದಾಗ ಗಂಜಿ ಮಾಡಿಕೊಂಡು ಹೋದೆ. ಟಿಫಿನ್ ಕ್ಯಾರಿಯರನ್ನು ಮುಂದಿಡಲೂ ನಾಚಿಕೆ. ನನ್ನ ಕೈಯಿಂದ ಏನನ್ನಾದರೂ ಅವರು ಯಾಕೆ ಕುಡಿಯಬೇಕು?

ಅವರು ಮುಚ್ಚಳ ತೆಗೆದು ಇಣುಕಿದರು. "ಇದರಲ್ಲಿ ಎಂತ ಎಲೆ ಉಂಟು ಟೀಚರೇ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

"ಇಂಟರ್‌ನೆಟ್ಟು ಗಿಂಟರ್‌ನೆಟ್ಟು ನನಗೆ ಗೊತ್ತಿಲ್ಲ," ಎಂದರು ಆಮೇಲೆ. "ನಾನು ನಿಮ್ಮ ಸೀಲು ನೋಡಿ ಕುಡಿದದ್ದು. ಮಗಳು ಸರಿಯಾಗಿಯೇ ಹೇಳಿದ್ದಳು, ನಾನು ಕೇಳಲಿಲ್ಲ. ಅವಳು ಕಾಲೇಜಿಗೆ ಬರ್ತಾಳೆ. ಅವಳ ಮಾವನಿಗೆ ನಾನು ಹೇಳ್ತೇನೆ."

ಆ ಪುಟವನ್ನು ಅಳಿಸಿದೆ. ಮುಂದಿನ ತರಗತಿಯಲ್ಲಿ ಮೊಹರು ಬಿದ್ದ ಅಂಥದೇ ಒಂದು ಹಾಳೆಯನ್ನು ಎತ್ತಿ ಹಿಡಿದು, ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ ಮಕ್ಕಳ ಮುಖ ನೋಡಲಾಗಲಿಲ್ಲ. ಯಾರು ಹೇಳಿದ್ದು ಎಂದು ಮೊದಲು ನೋಡಿ ಎಂಬುದು ನನ್ನ ಪಾಠವಾಗಿತ್ತು. ಗಿರಿಜಕ್ಕ ಅದನ್ನೇ ನೋಡಿದ್ದರು. ಮಾಹಿತಿಯನ್ನು ತೂಗಲು ಕಲಿಸುವವರ ಮೇಲೂ ಜನ ಭಾರ ಹಾಕಿ ನಿಂತಿರುತ್ತಾರೆ ಎಂಬುದನ್ನು ಈ ಕೆಲಸ ನನಗೆ ಹಾಗೆ ಕಲಿಸಿತು.

ಅಂದಿನಿಂದ ಪ್ರತಿ ಹಾಳೆಯನ್ನೂ ಓದಿಯೇ ಮೊಹರು ಒತ್ತಿದೆ. ಖಾತ್ರಿಯಿಲ್ಲದ್ದರ ಮೇಲೆ 'ಪರಿಶೀಲಿಸಿಲ್ಲ' ಎಂದು ಕೈಯಲ್ಲಿ ಬರೆದೆ. ಹೆಚ್ಚಿನವು ಅಂಥವೇ. ಮೇಜಿನ ಮುಂದೆ ಸಾಲು ಬೆಳೆಯುತ್ತಿತ್ತು.

"ಮೇಡಂ, ಬಸ್ಸು ಹೋಗ್ತದೆ!" ಎಂದು ಒಬ್ಬ ಕೂಗಿದ.

ಸಾಲಿನ ಹಿಂದಿನಿಂದ ಪ್ರಶಾಂತಿ ಹೇಳಿದಳು: "ಹೋದರೆ ಇನ್ನೊಂದು ಬರ್ತದೆ ಮಾರಾಯ. ಮೇಡಂ ಓದಲಿ."