ಅಕ್ಕನ ಕಣಕಾಲಿನ ರಕ್ತದೊತ್ತಡ

ರಾಯಚೂರಿನ ಆಸ್ಪತ್ರೆಯಲ್ಲಿ ವೈದ್ಯರು ರಕ್ತದೊತ್ತಡದ ಪಟ್ಟಿಯನ್ನು ತೋಳಿನಿಂದ ಬಿಚ್ಚಿ ಕಣಕಾಲಿಗೆ ಕಟ್ಟಲು ಬಾಗಿದಾಗ, ಕಾಲಿನ ಹೆಬ್ಬೆರಳು ಕಪ್ಪಾಗಿದೆಯೆಂದು ಮಾನ್ವಿಯಿಂದ ಬಂದಿದ್ದ ನನ್ನ ಅಕ್ಕ ಸಂಕೋಚದಿಂದ ಕಾಲು ಹಿಂದೆಳೆದುಕೊಂಡಳು.

“ಯಪ್ಪಾ, ಡಾಕ್ಟರ್ ಆಗಿ ನನ್ನ ಕಾಲು ಹಿಡೀತೀಯೇನು? ಬಿಪಿ ಕೈಯಾಗ ನೋಡಿದಿ, ಸಾಕಲ್ಲ.”

ಕಾಲಿನ ಒತ್ತಡ ತೋಳಿನದರ ಅರ್ಧದಷ್ಟೂ ಇರಲಿಲ್ಲ. ರಕ್ತನಾಳಗಳು ಕಟ್ಟಿಕೊಂಡಿವೆ, ಕಪ್ಪಾದ ಹೆಬ್ಬೆರಳನ್ನು ಉಳಿಸಿಕೊಳ್ಳಲಾಗದು ಎಂದ ವೈದ್ಯರು ನನ್ನತ್ತ ತಿರುಗಿದರು. “ಪಾದ ಇಷ್ಟ್ ತಣ್ಣಗದ. ಭಾಳ ದಿನದಿಂದ ಹಿಂಗ ಇರಬೇಕು. ಮನ್ಯಾಗ ಯಾರೂ ಮುಟ್ಟಿ ನೋಡಿಲ್ಲೇನ್ರಿ?”

ನಡೆದರೆ ಮೀನಖಂಡ ನೋಯುತ್ತದೆಂದು ಅಕ್ಕ ಮೊದಲು ಹೇಳಿದ್ದು ದೀಪಾವಳಿಗೂ ಮುಂಚೆ. ಮನೆಯವರನ್ನೆಲ್ಲ ಕೇಳಿ ಇದನ್ನು ಖಚಿತಪಡಿಸಿಕೊಂಡಿದ್ದೇನೆ. ವಯಸ್ಸೆಂದು ಸುಮ್ಮನಾದೆವು. ಆ ದೀಪಾವಳಿಯಂದೂ ಬಳಿಕದ ಯುಗಾದಿಯಂದೂ ನಾವೆಲ್ಲ ಅದೇ ಪಾದಗಳನ್ನು ಮುಟ್ಟಿ ನಮಸ್ಕರಿಸಿ, ಆಶೀರ್ವಾದ ಪಡೆದು ಎದ್ದಿದ್ದೆವು.