‘ಚಿಕ್ಕಪ್ಪ ಎದ್ರಾ?’

ಬೀದಿದೀಪಗಳು ಇನ್ನೂ ಆರಿಲ್ಲ. ಸಾಫ್ಟ್‌ವೇರ್ ಕಂಪನಿಯೊಂದರ ನೆಲಮಾಳಿಗೆಯ ಸರ್ವರ್ ಕೋಣೆಯಲ್ಲಿ ಸ್ವೆಟರ್ ತೊಟ್ಟ ಹೆಂಗಸೊಬ್ಬರು ಯಂತ್ರಕ್ಕೆ ಕಿವಿಗೊಟ್ಟು ನಿಂತಿದ್ದಾರೆ. “ಅತ್ತೆ ಇವತ್ತು ಗೊಣಗ್ತಿಲ್ಲ,” ಎಂದು ನಗುತ್ತಾರೆ. ಅತ್ತೆ ಅಂದರೆ ಆ ಯಂತ್ರದ ಹೆಸರು. ಪಕ್ಕದ ಯಂತ್ರ ಚಿಕ್ಕಪ್ಪ. ಒಮ್ಮೆ ಆಫ್ ಮಾಡಿದರೆ ಅಷ್ಟು ಸುಲಭಕ್ಕೆ ಏಳುವ ಆಸಾಮಿಯಲ್ಲ.

ವೈರುಗಳ ನಡುವೆಯೇ ಇರುವ ಇವರು ಇಡೀ ಕಟ್ಟಡಕ್ಕೆ ‘ವೈರಕ್ಕ’. ಮೇಲಿನ ಮಹಡಿಗಳ ಕೆಲಸವೆಲ್ಲ ನಡೆಯುವುದು ಈ ಕೋಣೆಯನ್ನು ನಂಬಿ. ವಾರ್ಷಿಕ ಸಮಾರಂಭದಲ್ಲಿ ವೇದಿಕೆ ಹತ್ತುವವರು ಮಾತ್ರ ಬೇರೆಯವರು. ಒಮ್ಮೆ ಇವರಿಗೂ ಮರದ ಫಲಕವೊಂದು ಸಿಕ್ಕಿತ್ತು. ಅದೀಗ ಮೇಜಿನ ಕುಂಟುಕಾಲಿಗೆ ಆಸರೆ. “ಕೆಲಸಕ್ಕೆ ಬಂತಲ್ಲ,” ಎನ್ನುತ್ತಾರೆ.

ಇಲ್ಲಿನ ನಿಜವಾದ ಬಹುಮಾನವೇ ಬೇರೆ. ಕೆಟ್ಟ ಯಂತ್ರವನ್ನು ಯಾರು ಸರಿಮಾಡುತ್ತಾರೋ ಅವರೇ ಅದಕ್ಕೆ ಹೆಸರಿಡಬೇಕು. ಅತ್ತೆ, ಚಿಕ್ಕಪ್ಪ, ಷಡ್ಡಕ ಎಲ್ಲ ಹಾಗೆ ಬಂದವರು. ಹೋದ ವರ್ಷ ಹೊಸ ಮ್ಯಾನೇಜರ್ ಬಂದು ಹೆಸರಿನ ಚೀಟಿಗಳನ್ನು ಕೀಳಿಸಿ ನಂಬರ್ ಅಂಟಿಸಿದರು. ಕೋಣೆಯವರ ಮುಖ ಬಾಡಿದ್ದು ಕಂಡು ಬೋನಸ್ಸನ್ನೂ ಕೊಡಿಸಿದರು. ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಎನ್ನುತ್ತಾರೆ, ಇಲ್ಲಿ ಯಾರ ಮುಖವೂ ಅರಳಲಿಲ್ಲ. ವೈರಕ್ಕನ ಜೊತೆ ಕೆಲಸಕ್ಕಿದ್ದ ಇಬ್ಬರು ಬೋನಸ್ ಜೇಬಿಗಿಳಿಸಿ ಬೇರೆ ಕಂಪನಿ ಸೇರಿದರು. ಹೆಚ್ಚಿನ ಸಂಬಳಕ್ಕೆ ಅಲ್ಲಿಂದ ವೈರಕ್ಕನಿಗೂ ಕರೆ ಬಂತು.

“ಹೋಗೋದು ಅಂತ್ಲೇ ಇದ್ದೆ. ಮಗಳು ಕೇಳಿದ್ಲು, ‘ಅಮ್ಮಾ, ಊಟಕ್ಕೆ ಕೂತಾಗ ಅತ್ತೆ ಕತೆ ಹೇಳೋದೇ ಬಿಟ್ಟಿದ್ದೀಯಲ್ಲ?’ ಹೆಸರು ಹೋದ್ಮೇಲೆ ಕತೇನೂ ನಿಂತಿದ್ದು ನಂಗೇ ಗೊತ್ತಾಗಿರ್ಲಿಲ್ಲ ನೋಡಿ.”

ರಾಜೀನಾಮೆ ಕೊಡಲು ಹೋದಾಗ ಮ್ಯಾನೇಜರ್‌ಗೂ ಇದನ್ನೇ ಹೇಳಿದರು. ಮನುಷ್ಯ ಕೆಟ್ಟವರಲ್ಲ, ಹೆಸರುಗಳನ್ನು ಬರೀ ತಮಾಷೆ ಅಂದುಕೊಂಡಿದ್ದರು. ಮರುದಿನ ಬೆಳಿಗ್ಗೆ ಅವರೇ ಕೆಳಗಿಳಿದು ಬಂದು, ಕೋಟು ಕಳಚಿ, ಮಂಡಿಯೂರಿ, ಯಂತ್ರವೊಂದರ ಕೆಟ್ಟ ಫ್ಯಾನ್ ಬದಲಿಸಿದರು. ಮೊದಲ ಸಲ ತಿರುಗುಮುರುಗಾಗಿ ಹಾಕಿದ್ದರಂತೆ. ಎರಡನೇ ಸಲ ಅದು ತಿರುಗಿದಾಗ ವೈರಕ್ಕ ಪೆನ್ನು ಮುಂದೆ ಹಿಡಿದರು.

“ಈ ಮನೆಗೆ ಹೊಸಬ ನಾನು. ಅಳಿಯ ಅಂತ ಇರ್ಲಿ,” ಎಂದು ಮ್ಯಾನೇಜರ್ ಬರೆದರು.

ನಂಬರ್‌ಗಳು ಅಂದೇ ಉದುರಿದವು, ರಾಜೀನಾಮೆ ಪತ್ರವೂ ಹರಿಯಿತು. ಸಂಬಳ ತುಸು ಏರಿದೆ, ಆ ಕಂಪನಿಯಷ್ಟಲ್ಲ. ವೈರಕ್ಕನಿಗೆ ಅದರ ಕೊರಗಿಲ್ಲ. ಇರುವುದು ಒಂದೇ ಆಸೆ.

“ಬಿಟ್ಟುಹೋದ ಇಬ್ಬರಲ್ಲಿ ಚಿಕ್ಕಪ್ಪ ಅಂತ ಹೆಸರಿಟ್ಟೋನು ಆ ಕಂಪನಿಯಿಂದ ಫೋನ್ ಮಾಡ್ತಾನೆ. ತನ್ನ ಸುದ್ದಿ ಆಮೇಲೆ, ಮೊದಲು ‘ಚಿಕ್ಕಪ್ಪ ಎದ್ರಾ?’ ಅಂತಾನೆ. ಮೂಲೇಲಿ ಒಂದು ಯಂತ್ರ ಕೆಟ್ಟು ಕೂತಿದೆ. ನಾನಿನ್ನೂ ಮುಟ್ಟಿಲ್ಲ. ವಾಪಸ್ ಬಂದು ಸರಿಮಾಡಿ ಹೆಸರಿಡು ಅಂದಿದೀನಿ.”