ಸುನಂದಾ ಮಿಸ್ ಹೇಳಿಕೊಟ್ಟ ಅಭಿನಯ

ಶೆಟ್ಟಿಕೆರೆ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಸುನಂದಾಗೆ ಒಂದು ಕಾಲದಲ್ಲಿ ಇಂಗ್ಲಿಷ್ ಎಂದರೆ ಕೈಕಾಲು ನಡುಗುತ್ತಿತ್ತು. ಕನ್ನಡದಲ್ಲೇ ಓದಿ ಬೆಳೆದವಳು. ಇಲಾಖೆಯವರು ಈ ಪಾಠವನ್ನು ಅವಳ ತಲೆಗೆ ಕಟ್ಟಿದಾಗ, ಅಟ್ಟದಿಂದ ಇಳಿಸಿದ ಕೊಬ್ಬರಿಯ ಚಿಪ್ಪು ಬಿಡಿಸುತ್ತಾ ಒಬ್ಬಳೇ ಗಟ್ಟಿಯಾಗಿ ಒದರಿಕೊಂಡು ಕಲಿತಳು. ಮನೆಯವರು ಇವಳಿಗೇನೋ ಮೆಟ್ಟಿಕೊಂಡಿದೆ ಎಂದು ನಕ್ಕರು. ತಾನು ಪಟ್ಟ ಭಯ ಮಕ್ಕಳು ಪಡಬಾರದೆಂದು ಅವಳು ಪಾಠವನ್ನೇ ಆಟ ಮಾಡಿಬಿಟ್ಟಳು.

ಆ ವಾರ ಆರನೇ ತರಗತಿಗೆ ಮೈಗೆ, ಮನಸ್ಸಿಗೆ ಹೇಗಿದೆಯೆಂದು ಹೇಳುವ ಪಾಠ. ಆಮ್, ಫೀಲ್, ಲುಕ್ ಎಂಬ ಇಂಗ್ಲಿಷ್ ಕ್ರಿಯಾಪದಗಳೆಲ್ಲ ಮನುಷ್ಯನಿಗೂ ಅವನ ಸ್ಥಿತಿಗೂ ಹಾಕುವ ಕೊಂಡಿಗಳು ಎಂದು ವಿವರಿಸಿದ್ದಳು. ಒಬ್ಬರು ಮುಂದೆ ಬಂದು ಜ್ವರವನ್ನೋ ಸಿಟ್ಟನ್ನೋ ಅಭಿನಯಿಸಬೇಕು, ಉಳಿದವರು ಅದನ್ನು ಇಂಗ್ಲಿಷಿನಲ್ಲಿ ಕೂಗಬೇಕು. ಅಂದು ಬೆಳಿಗ್ಗೆ ಮಧುಶ್ರೀಯ ಸರದಿ. ಅಜ್ಜಿಯ ಜೊತೆ ತೋಟದ ಮನೆಯಲ್ಲಿರುವ, ಸದಾ ವಟಗುಟ್ಟುವ ಹುಡುಗಿ. ತೂರಾಡುತ್ತಾ ಬಂದು ನಿಂತಳು. ರೆಪ್ಪೆ ಅರ್ಧ ಇಳಿದಿತ್ತು.

"ಶೀ ಲುಕ್ಸ್ ಸ್ಲೀಪಿ!" ಎಂದು ತರಗತಿ ಕಿರುಚಿತು.

ಮಧುಶ್ರೀ ಮೇಜಿಗೆ ಒರಗಿದಳು.

"ಶೀ ಫೀಲ್ಸ್ ವೀಕ್!"

"ಶಭಾಷ್! ಎಷ್ಟ್ ಚೆನ್ನಾಗಿ ಮಾಡ್ತಾಳೆ ನೋಡ್ರೋ" ಎಂದು ಸುನಂದಾ ಚಪ್ಪಾಳೆ ತಟ್ಟಿಸಿದಳು. ಹುಡುಗಿ ನೆಲಕ್ಕೆ ಕುಸಿದಳು. ಚಪ್ಪಾಳೆ ಇನ್ನೂ ಜೋರಾಯಿತು.

"ಸಾಕು, ಏಳೇ ಮಧು."

ಏಳಲಿಲ್ಲ. ಸುನಂದಾ ಬಗ್ಗಿ ಗದ್ದ ಎತ್ತಿದಾಗ ಕಟವಾಯಿಯ ಜೊಲ್ಲು ಅವಳ ಅಂಗೈಗೆ ಇಳಿಯಿತು. ಕಣ್ಣು ಬಿಡಲೆಂದು ಹುಡುಗಿ ಹಣೆ ಸುಕ್ಕಿಸಿ ಒದ್ದಾಡುತ್ತಿದ್ದಳು, ರೆಪ್ಪೆ ಮಾತ್ರ ಏಳಲೊಲ್ಲದು. ಸುನಂದಾ ಅವಳನ್ನು ಎತ್ತಿಕೊಂಡು ಹೊರಗೆ ಓಡಿದಳು.

ಹೆಡ್‌ಮಾಸ್ಟರ್ ಹನುಮಂತರಾಜು ತಮ್ಮ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ಸುನಂದಾ ಹುಡುಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾರಿಗೆ ಕುರಿಹಿಂಡು ಅಡ್ಡ ಬಂದಾಗ ಅವಳು ಕಿಟಕಿಯಿಂದ ಕತ್ತು ಚಾಚಿ ಯಾರನ್ನೋ ಬೈದಳು, ಯಾರನ್ನು, ಏನೆಂದು ಬೈದಳೋ ಅವಳಿಗೇ ತಿಳಿಯದು. ಮಗುವಿನ ಉಸಿರು ಎಳೆಯುತ್ತಿತ್ತು, ನಿಂತಂತಾಗುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಪ್ರತಿಸಲ ನಿಂತಾಗಲೂ ಸುನಂದಾ ತಾನೂ ಉಸಿರು ಬಿಗಿಹಿಡಿದಳು.

ಚಿಕ್ಕನಾಯಕನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ರೆಪ್ಪೆ ಎತ್ತಿ ನೋಡಿದರು. "ಕಟ್ಟುಹಾವು ಕಚ್ಚಿರೋ ಹಾಗಿದೆ. ರಾತ್ರಿ ನೆಲದ ಮೇಲೆ ಮಲಗಿದ್ಲಾ? ಎಷ್ಟೋ ಸಲ ಕಚ್ಚಿದ್ದೇ ಗೊತ್ತಾಗಲ್ಲ, ಮೊದಲು ಬರೀ ಹೊಟ್ಟೆನೋವು ಅಂತಾರೆ, ಆಮೇಲೆ ರೆಪ್ಪೆ ಬಿದ್ದುಹೋಗುತ್ತೆ" ಎಂದು ಹೇಳಿ, ಔಷಧ ಕೊಡಲು ಮಗುವನ್ನು ಒಳಗೆ ಸಾಗಿಸಿದರು. ಸುನಂದಾ ಬಾಗಿಲವರೆಗೂ ಹಿಂದೆಯೇ ಓಡಿ ಹೊರಗೆ ನಿಂತಳು.

ಮಧುಶ್ರೀಯ ಅಜ್ಜಿ ಪುಟ್ಟಗಂಗಮ್ಮ ಸುದ್ದಿ ಕೇಳಿ ಏದುಸಿರು ಬಿಡುತ್ತಾ ಬರುವುದು ಕಂಡಾಗ ಸುನಂದಾ ಗೋಡೆಗೆ ಅಂಟಿಕೊಂಡಳು. ಈಗ ಹೇಳಲೇಬೇಕು. ಮಗು ಸಾಯುತ್ತಿದ್ದಾಗ ನಾನು ಚಪ್ಪಾಳೆ ಹೊಡೆಸಿದೆ ಎನ್ನಬೇಕು. ಮುದುಕಿ ಕೆನ್ನೆಗೆ ಬಾರಿಸಿದರೂ ಸರಿಯೇ.

ಬಾರಿಸಲಿಲ್ಲ. ಪುಟ್ಟಗಂಗಮ್ಮ ಅವಳ ಕೈ ಹಿಡಿದುಕೊಂಡು ಪಿಸುಗುಟ್ಟಿದಳು: "ಬೆಳಿಗ್ಗೆ ಹೊಟ್ಟೆನೋವು ಅಂತ ಅತ್ಲು ಕಣವ್ವ. ಸ್ಕೂಲ್ ತಪ್ಪುಸ್ಕಳಾಕೆ ನಾಟ್ಕ ಆಡ್ತೀಯಾ ಅಂತ ನಾನೇ ದಬ್ಬಿ ಕಳುಸ್ದೆ. ಅವ್ರಪ್ಪಂಗೆ ಹೇಳ್‌ಬ್ಯಾಡ್ರವ್ವ."

"ನಾನೂ ನಾಟ್ಕ ಅಂದ್ಕೊಂಡೆ ಅಜ್ಜಿ" ಎಂದ ಸುನಂದಾ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು. ಇಬ್ಬರೂ ಹೆದರಿಕೊಂಡೇ ಕೂತರು. ನರ್ಸು ಬಾಗಿಲು ತೆಗೆದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದರು.

ಮರುದಿನ ಸಂಜೆ ಇಬ್ಬರನ್ನೂ ಒಳಗೆ ಕರೆದರು. ಮಧುಶ್ರೀಯ ರೆಪ್ಪೆ ಸ್ವಲ್ಪ ಮೇಲೆದ್ದಿತ್ತು. ಎದುರಿಗೆ ನಿಂತವರನ್ನು ಕಂಡ ಕೂಡಲೇ ಅವಳ ತುಟಿ ಅದುರಿತು.

"ಸುಳ್ಳಲ್ಲ ಕಣಜ್ಜಿ, ನೋಯ್ತಿತ್ತು" ಎಂದಳು. ಆಮೇಲೆ ಕಷ್ಟಪಟ್ಟು ಸುನಂದಾಳ ಕಡೆ ಕತ್ತು ಹೊರಳಿಸಿ, ಈಗಲಾದರೂ ನಂಬುತ್ತಾರೋ ಇಲ್ಲವೋ ಎನ್ನುವ ಹೆದರಿಕೆಯಿಂದ, "ನಿಜವಾಗ್ಲೂ ಮಿಸ್" ಎಂದಳು.